ಅರವತ್ತೊಂದರ ರಕ್ತ

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೧೦:೧೫

ಒಂಬತ್ತು ಜನರ ರಕ್ತ ತೆಗೆದಾಯಿತು. ಐದನೆಯವರು ಸೂಜಿ ಕಾಣುವ ಮೊದಲೇ ಕಣ್ಣು ಮೇಲೆ ಮಾಡಿದರು. ಕುರ್ಚಿ ಬಾಗಿಸಿ, ಕಾಲೆತ್ತಿ, ನೀರು ಕುಡಿಸಿ... ಹದಿನೈದು ನಿಮಿಷ ಹಾಳು. ಗಡಿಯಾರ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಗಡಿಯಾರ ಅಂದರೆ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಹೆಸರಿಟ್ಟದ್ದು ನಾನೇ. ಟ್ಯೂಬ್ ಎಷ್ಟಕ್ಕೆ ತುಂಬಿತು, ಎಷ್ಟಕ್ಕೆ ತಿರುಗುವ ಯಂತ್ರಕ್ಕೆ ಹೋಯಿತು, ಎಷ್ಟಕ್ಕೆ ಫ್ರೀಜರ್ ಸೇರಿತು, ಎಲ್ಲ ನಿಮಿಷದ ಲೆಕ್ಕ. ಮನೆಯಲ್ಲಿ ಹೆಂಡತಿ ಮಾತಾಡಿದ್ದನ್ನೂ ಹೀಗೇ ಬರೆದಿಡುತ್ತಾರೇನೋ.

ಡಾಕ್ಟರ್ ಮೇಡಂ ಅವರ ಸಂಶೋಧನೆಗೆ ರೋಗಿಗಳನ್ನು ಸೇರಿಸಿಕೊಳ್ಳಲು ಇನ್ನು ನಾಲ್ಕೇ ದಿನ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಬಂದ್. ಖಿನ್ನತೆಯವರ ರಕ್ತದಲ್ಲಿ ಉರಿಯೂತದ ಅಂಶ ಎಷ್ಟಿದೆ ನೋಡುವುದು. ಹೆಚ್ಚಿದ್ದರೆ ಬಿಳಿ ಡಬ್ಬಿಯ ಮಾತ್ರೆ, ಕಡಿಮೆಯಿದ್ದರೆ ನೀಲಿ ಡಬ್ಬಿಯದು. ಈ ಮಾತ್ರೆ ಆಗದಿದ್ದರೆ ಆ ಮಾತ್ರೆ, ಅದೂ ಆಗದಿದ್ದರೆ ಮತ್ತೊಂದು ಎಂದು ಜನರನ್ನು ತಿಂಗಳುಗಟ್ಟಲೆ ಸತಾಯಿಸುವುದು ನಿಲ್ಲಲಿ ಎನ್ನುವುದು ಅವರ ಹಟ. ಐದು ವರ್ಷ ದುಡಿದಿದ್ದಾರೆ.

ತಮ್ಮನನ್ನು ಇದಕ್ಕೆ ಸೇರಿಸಲೇಬೇಕು. ಎರಡು ಬಗೆಯ ಮಾತ್ರೆ ನುಂಗಿಯಾಯಿತು, ಎರಡೂ ನೀರಲ್ಲಿ ಹೋಮ. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸಕ್ಕೆ ಹೋಗದೆ ನಾಲ್ಕು ತಿಂಗಳು. ಸಿಬ್ಬಂದಿಯ ಸಂಬಂಧಿಕರು ಸೇರುವಂತಿಲ್ಲ, ನಿಜ. ಫಾರ್ಮಿನಲ್ಲಿ 'ಸಂಬಂಧ ಇಲ್ಲ' ಎಂದು ಟಿಕ್ ಹಾಕಿದರಾಯಿತು. ಯಾರು ಹೋಗಿ ಕೆದಕುತ್ತಾರೆ.

ದವಡೆ ಮತ್ತೆ ನೋವು. ಮಾತ್ರೆ ನುಂಗಿದೆ.

ಮಾರ್ಚ್ ೫, ಬುಧವಾರ. ಸಂಜೆ ೬

ತಮ್ಮನ ಮನೆಗೆ ಹೋಗಿದ್ದೆ. ಬಾಗಿಲು ತೆರೆದದ್ದು ಅವನ ಹೆಂಡತಿ. ಬೆಳಿಗ್ಗೆ ಬಾಚಿದ ತಲೆಯೋ ನಿನ್ನೆ ಬಾಚಿದ್ದೋ. ಶಾಲೆಯ ಆಫೀಸಿನಲ್ಲಿ ಟೈಪಿಂಗ್, ಮನೆಯಲ್ಲಿ ಇವನ ಕಾವಲು. ಒಳ್ಳೆಯ ಹೆಣ್ಣು. ನಾನಾಗಿದ್ದರೆ ಯಾವತ್ತೋ ಕೂಗಾಡಿಬಿಡುತ್ತಿದ್ದೆ.

ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಮೊದಲೆಲ್ಲ ನನ್ನನ್ನು ಕಂಡ ಕೂಡಲೇ ಕನ್ನಡಕ ಕಿತ್ತುಕೊಂಡು ಒರೆಸುತ್ತಿದ್ದ. "ಇದರಲ್ಲಿ ನಿನಗೆ ಪ್ರಪಂಚ ಕಾಣುತ್ತಾ ಅಕ್ಕ?" ಇಂದು ತಿರುಗಲೂ ಇಲ್ಲ.

"ಏಳೋ. ಮಾತಾಡಬೇಕು."

"ಮಾತಾಡು. ಒಂದು ಕಿವಿ ಈ ಕಡೆನೇ ಇದೆ."

ಅಷ್ಟಾದರೂ ಉಳಿದಿದೆಯಲ್ಲ ಎಂದು ಸಮಾಧಾನ. ಹೇಳಿದೆ. "ಇದು ಊಹೆ ಅಲ್ಲ ಕಣೋ. ರಕ್ತ ನೋಡಿ ಮಾತ್ರೆ ಕೊಡ್ತಾರೆ. ನೀನು ಕಣ್ಣಿನ ನಂಬರ್ ನೋಡಿ ತಾನೆ ಗಾಜು ಅರೆಯೋದು? ಯಾರದ್ದೋ ನಂಬರ್ ಇನ್ಯಾರಿಗೋ ಹಾಕ್ತೀಯಾ?"

ಅದು ನಾಟಿತು. ತಿರುಗಿದ. ಸೂರು ನೋಡುತ್ತಾ ಅಂದ:

"ಸರಿ. ಇದೊಂದು. ಇದೂ ಆಗಲಿಲ್ಲ ಅಂದ್ರೆ, ಆಮೇಲೆ ನನ್ನನ್ನ ಯಾರೂ ಏಳಿಸೋಕೆ ಬರಬಾರದು. ಮಾತು ಕೊಡು."

ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ನನ್ನ ಮುಖ ನೋಡಿದಳು. ನಾನು ಮಾತೂ ಕೊಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. "ಶುಕ್ರವಾರ ಖಾಲಿ ಹೊಟ್ಟೆಯಲ್ಲಿ ಬಾ" ಅಂದೆ. ಅಮ್ಮ ಹೋದಾಗ ಅವನಿಗೆ ಒಂಬತ್ತು, ನನಗೆ ಹದಿನೇಳು. ಅಂದಿನಿಂದ ಹೀಗೇ. ಅವನು ಏನಾದರೂ ಕೇಳುವುದು, ನಾನು ಬೇರೇನೋ ಹೇಳುವುದು.

ಮಾರ್ಚ್ ೭, ಶುಕ್ರವಾರ. ಬೆಳಿಗ್ಗೆ ೮:೩೦

ಬಂದ! ಗಡ್ಡ ಬೋಳಿಸಿಕೊಂಡು ಬಂದಿದ್ದಾನೆ. ಇಲ್ಲಿ ಅಕ್ಕ ಅನ್ನಬೇಡ, ಸಿಸ್ಟರ್ ಅನ್ನು ಎಂದು ಮೊದಲೇ ಹೇಳಿದ್ದೆ. "ಎರಡೂ ಒಂದೇ ಅಲ್ವಾ" ಎಂದು ಗೊಣಗಿದ. ನಂಬರ್ ೬೧. ಕೊನೆಯ ನಂಬರ್.

ನೀರನ್ನೂ ಸರಿಯಾಗಿ ಕುಡಿಯದೆ ನರ ಒಳಗೆ ಅವಿತುಕೊಂಡಿದೆ. ತಟ್ಟಿದೆ, ಉಜ್ಜಿದೆ. ಇಪ್ಪತ್ತೆರಡು ವರ್ಷ ಪಳಗಿದ ಕೈ. ಇಂದು ಗುರಿ ತಪ್ಪಿತು. ಸಿರಿಂಜ್ ಹಾಕಿ ಜೋರಾಗಿ ಎಳೆದೆ. ಹೋಗಲಿ, ಬಂತಲ್ಲ. ಅವನು ಎದ್ದು ಹೊರಟೇಬಿಟ್ಟ. ಗಡಿಯಾರ ಬರೆದುಕೊಂಡರು: ೮:೧೦.

ಮಧ್ಯಾಹ್ನ ೧:೪೦

ಬರೆಯಲೋ ಬೇಡವೋ. ಬರೆಯುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಇರಲಿ.

ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಮೇಲೆ ನಿಲ್ಲುವ ಸೀರಮ್ ತಿಳಿ ಹಳದಿ ಇರಬೇಕು. ಇವನದು ಕೆಂಪು. ನಾನು ಎಳೆದ ರಭಸಕ್ಕೆ ರಕ್ತದ ಕಣಗಳು ಒಡೆದಿವೆ. ಟ್ರೈನಿಂಗಿನ ಮೊದಲ ವಾರದವರು ಮಾಡುವ ತಪ್ಪು. ಇಂಥ ಸ್ಯಾಂಪಲ್ ಲೆಕ್ಕಕ್ಕಿಲ್ಲ. ಮತ್ತೆ ತೆಗೆಯಬೇಕು.

ಒಂಬತ್ತರಿಂದ ಫೋನ್ ಮಾಡುತ್ತಲೇ ಇದ್ದೆ, ಕೊನೆಗೆ ಅವನ ಹೆಂಡತಿ ಎತ್ತಿದಳು. ಮನೆ ತಲುಪಿ ಮಲಗಿದ್ದಾನೆ. "ಏಳಿಸಿದೆ ಅತ್ತಿಗೆ, ಏಳ್ತಾನೇ ಇಲ್ಲ. ಕೊಟ್ಟಾಯ್ತಲ್ಲ, ಇನ್ನು ನನ್ನನ್ನ ಬಿಟ್ಟುಬಿಡಿ ಅಂತಾರೆ." ಇಲ್ಲಿಂದ ಅವನ ಮನೆಗೆ ಬಸ್ಸಿನಲ್ಲಿ ಒಂದು ಗಂಟೆ. ಆಗಲೇ ಹನ್ನೊಂದು ದಾಟಿತ್ತು. ಹನ್ನೆರಡರ ಮೇಲೆ ಬಂದದ್ದನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ಯಾರ ಕಾಲು ಹಿಡಿದರೂ ಇಲ್ಲ.

ಸ್ಟೋರ್ ರೂಮಿಗೆ ಹೋದೆ. ಚಿಲಕ ಹಾಕಿದೆ. ರಬ್ಬರ್ ಪಟ್ಟಿಯ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಡತೋಳಿಗೆ ಬಿಗಿದೆ. ನನ್ನ ನರ ಚೆನ್ನಾಗಿಯೇ ಇದೆ. ಒಂದೇ ಸಲಕ್ಕೆ ಬಂತು. ಹೊಸ ಟ್ಯೂಬ್, ಅದರ ಮೇಲೆ ೬೧ರ ಲೇಬಲ್. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಹತ್ತು ನಿಮಿಷ ತಿರುಗಿಸಿ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೊಟ್ಟೆ. ತಿಳಿ ಹಳದಿ. ಕಣ್ಣಿಗೆ ಹಬ್ಬ.

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಒಂದೇ ಪಾತ್ರೆಯ ಅನ್ನ ಉಂಡವರು. ರಕ್ತದಲ್ಲಿ ಎಷ್ಟು ತಾನೇ ವ್ಯತ್ಯಾಸ ಇದ್ದೀತು? ಇದು ನಾನು ನನಗೇ ಹೇಳಿಕೊಂಡ ಮಾತು. ಹೊಸದಾಗಿ ಸೇರಿದ ಹುಡುಗಿ ಯಾರಾದರೂ ಹೀಗಂದಿದ್ದರೆ ಕಿವಿ ಹಿಂಡುತ್ತಿದ್ದೆ.

ಮಾರ್ಚ್ ೧೨, ಬುಧವಾರ. ಸಂಜೆ ೫

ಬಿಳಿ ಡಬ್ಬಿ. ಮೇಡಂ ತಾವೇ ಕೂರಿಸಿಕೊಂಡು ವಿವರಿಸಿದರಂತೆ. ತಮ್ಮನೇ ಫೋನ್ ಮಾಡಿದ. ಅವನೇ! ತಿಂಗಳುಗಳ ನಂತರ.

"ರಕ್ತದಲ್ಲಿ ಉರಿಯೂತ ಇದೆಯಂತೆ ಅಕ್ಕ. ತುಂಬಾನೇ ಇದೆಯಂತೆ. ಅಂದ್ರೆ ನಾನು ಸೋಮಾರಿ ಅಲ್ಲ ಅಲ್ವಾ? ನಾಟಕ ಮಾಡ್ತಿರಲಿಲ್ಲ ಅಲ್ವಾ?"

"ನಿನ್ನನ್ನ ಯಾರೋ ಸೋಮಾರಿ ಅಂದಿದ್ದು?"

"ಯಾರೂ ಅನ್ನಲಿಲ್ಲ. ನಾನೇ ಅಂದುಕೊಂಡಿದ್ದೆ."

ಫೋನ್ ಇಟ್ಟ ಮೇಲೆ ಅತ್ತೆ. ಖುಷಿಗೇ. ಮಾಡಿದ್ದು ತಪ್ಪೇ ಇರಬಹುದು, ಫಲ ಸರಿಯಾಗಿದೆ. ಹಾಗಂತ ಅಂದುಕೊಂಡು ಎರಡು ತುತ್ತು ಜಾಸ್ತಿಯೇ ಉಂಡೆ.

ಮಾರ್ಚ್ ೨೪, ಸೋಮವಾರ

ಇಂದು ಒಂದು ಗಂಟೆ ಅಂಗಡಿಗೆ ಹೋಗಿ ಕೂತು ಬಂದನಂತೆ. ಮಾಲೀಕರು ಟೀ ಕುಡಿಸಿ ಕಳಿಸಿದರಂತೆ. ಒಂದು ಗಂಟೆ ದೊಡ್ಡದು. ಗಡಿಯಾರರಿಗೆ ಕಾರಣ ಹೇಳದೆ ಬಿಸ್ಕತ್ತು ಹಂಚಿದೆ. "ಏನು ವಿಶೇಷ?" ಅಂದರು. "ಸೋಮವಾರ" ಅಂದೆ.

ಏಪ್ರಿಲ್ ೭, ಸೋಮವಾರ. ಮಧ್ಯಾಹ್ನ ೧೨

ಎರಡು ವಾರ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಅಂತಲ್ಲ. ಆ ಒಂದು ಗಂಟೆಯೇ ಮೊದಲು, ಅದೇ ಕೊನೆ. ಮಾರನೆಯ ದಿನದಿಂದ ಮತ್ತೆ ಗೋಡೆ.

ವಾರವಾರ ಒಂಬತ್ತು ಪ್ರಶ್ನೆಯ ಹಾಳೆ ತುಂಬಿಸುತ್ತಾರೆ. ಉತ್ತರಕ್ಕೆ ಅಂಕ. ಹೆಚ್ಚಾದಷ್ಟೂ ಕೆಟ್ಟದ್ದು. ಸೇರುವಾಗ ಹದಿನೆಂಟಿತ್ತು. ಇಂದು ಇಪ್ಪತ್ಮೂರು. ಫೈಲ್ ಕೊಡುವ ನೆಪದಲ್ಲಿ ಮೇಡಂ ಕೋಣೆಗೆ ಹೋದೆ. ಕುರ್ಚಿಯಲ್ಲಿ ತಮ್ಮ ಕೂತಿದ್ದ, ಯಾರೋ ತಂದಿಟ್ಟ ಚೀಲದ ಹಾಗೆ. ನನ್ನನ್ನು ನೋಡಿಯೂ ನೋಡಲಿಲ್ಲ. ಅದು ನಾಟಕವಲ್ಲ.

ಮೇಡಂ ಅವನ ಹೆಂಡತಿಗೆ ಹೇಳುತ್ತಿದ್ದರು: "ಬೇರೆಯವರಾಗಿದ್ರೆ ಈ ಹೊತ್ತಿಗೆ ಮಾತ್ರೆ ಬದಲಾಯಿಸ್ತಿದ್ದೆ. ಆದ್ರೆ ಇವರ ರಕ್ತ ಇಷ್ಟು ಸ್ಪಷ್ಟವಾಗಿದೆಯಲ್ಲಮ್ಮ. ಮನುಷ್ಯರು ತಪ್ಪು ಹೇಳಬಹುದು, ರಕ್ತ ಹೇಳಲ್ಲ. ಡೋಸ್ ಹೆಚ್ಚು ಮಾಡೋಣ. ಇನ್ನು ನಾಲ್ಕು ವಾರ ತಾಳ್ಮೆ ಇರಲಿ."

ನಾಲ್ಕು ವಾರ. ಫೈಲ್ ಮೇಜಿನ ಮೇಲಿಟ್ಟು ಹೊರಬಂದೆ. ಒಂದು ಕ್ಷಣ ನಿಂತಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ. ನಿಲ್ಲಲಿಲ್ಲ.

ಏಪ್ರಿಲ್ ೯, ಬುಧವಾರ. ಸಂಜೆ ೭

ಹಲ್ಲು ಕೀಳಿಸಿದೆ. ಬಾಯಲ್ಲಿ ಹತ್ತಿ.

ದಂತವೈದ್ಯ ಎಕ್ಸ್‌ರೇ ಹಿಡಿದು ತೋರಿಸಿದ. "ಬೇರಿನಲ್ಲಿ ಕೀವು ತುಂಬಿದೆ. ಎರಡು ಮೂರು ತಿಂಗಳಿಂದ ಇರಬೇಕು. ನೋವಿನ ಮಾತ್ರೆ ನುಂಗಿಕೊಂಡು ಓಡಾಡ್ತಿದ್ರಾ? ನಿಮ್ಮಂಥ ಆಸ್ಪತ್ರೆಯವರೇ ಹೀಗೆ ಮಾಡೋದು."

ಬಾಯಿ ಅಗಲ ತೆರೆದುಕೊಂಡು, ಮುಖದ ಮೇಲೆ ಆ ದೀಪ ಬಿದ್ದಿರುವಾಗ ತಲೆಗೆ ಹೊಳೆಯಿತು. ಕೀವು. ಎರಡು ಮೂರು ತಿಂಗಳು. ಅಂದರೆ ಮಾರ್ಚ್ ಏಳಕ್ಕೆ ನನ್ನ ರಕ್ತದಲ್ಲಿ ಉರಿಯೂತ ಇಲ್ಲದೆ ಇರುತ್ತಿತ್ತೇ? 'ತುಂಬಾನೇ ಇದೆಯಂತೆ ಅಕ್ಕ.' ಅದು ಅವನ ಖಿನ್ನತೆಯಲ್ಲ, ನನ್ನ ಹಲ್ಲು. ನನ್ನ ಕೊಳೆತ ಹಲ್ಲಿಗೆ ಅವನು ತಿಂಗಳಿಂದ ಮಾತ್ರೆ ನುಂಗುತ್ತಿದ್ದಾನೆ.

ನಗು ಬಂತು. ನಿಜಕ್ಕೂ ಬಂತು. ದಂತವೈದ್ಯ ನೋವಾಯಿತೇ ಎಂದು ಕೇಳಿದ.

ಏಪ್ರಿಲ್ ೧೧, ಶುಕ್ರವಾರ. ಮಧ್ಯಾಹ್ನ ೩

ಖಚಿತ ಮಾಡಿಕೊಳ್ಳದೆ ಇರಲಾಗಲಿಲ್ಲ. ಬೆಳಿಗ್ಗೆ ಆರೂವರೆಗೆ ತಮ್ಮನ ಮನೆಗೆ ಹೋಗಿ, ಡೋಸ್ ಹೆಚ್ಚಿಸಿದ್ದಕ್ಕೆ ಇನ್ನೊಂದು ಪರೀಕ್ಷೆ ಬೇಕು ಅಂದೆ. ಕೈ ಚಾಚಿದ, ಕೇಳಲೂ ಇಲ್ಲ ಏಕೆಂದು. ಈ ಸಲ ನಿಧಾನವಾಗಿ ತೆಗೆದೆ. ಎಲ್ಲರೂ ಊಟಕ್ಕೆ ಹೋದಾಗ ಲೇಬಲ್ ಇಲ್ಲದೆ ಉರಿಯೂತ ಅಳೆಯುವ ಯಂತ್ರಕ್ಕೆ ಹಾಕಿದೆ.

ಮೇಡಂ ಹಾಕಿಕೊಂಡ ಗೆರೆ ಮೂರು. ಮೇಲಿದ್ದರೆ ಬಿಳಿ, ಕೆಳಗಿದ್ದರೆ ನೀಲಿ.

ಮಾರ್ಚಿನಲ್ಲಿ ೬೧ರ ಹೆಸರಿನಲ್ಲಿ ಹೋದದ್ದು: ೯.೨
ಇಂದು ತಮ್ಮನ ತೋಳಿನಿಂದ ಬಂದದ್ದು: ೦.೭

ನೀಲಿ. ಅವನದು ನೀಲಿ. ಆ ಡಬ್ಬಿಗಳು ನನ್ನ ಬೆಂಚಿನಿಂದ ನಾಲ್ಕು ಹೆಜ್ಜೆ ದೂರದ ಬೀರುವಿನಲ್ಲಿವೆ.

ಏಪ್ರಿಲ್ ೧೪, ಸೋಮವಾರ. ಬೆಳಿಗ್ಗೆ ೫:೪೦

ನಿದ್ದೆ ಇಲ್ಲ. ಹೇಳಿದರೆ ಏನಾಗುತ್ತದೆ, ನೋಡೋಣ.

ಕೆಲಸ ಹೋಗುತ್ತದೆ. ಹೋಗಲಿ. ಇನ್ನೆಲ್ಲೂ ಸೂಜಿ ಹಿಡಿಯಲು ಬಿಡುವುದಿಲ್ಲ. ಅದೂ ಹೋಗಲಿ ಎಂದು ಬರೆಯಲು ಕೈ ಬರುತ್ತಿಲ್ಲ, ಬೇರೇನೂ ಬಾರದವಳು ನಾನು. ಆದರೆ ಅರವತ್ತೊಂದು ಜನರಲ್ಲಿ ನಲವತ್ತು ಜನರ ರಕ್ತ ತೆಗೆದವಳು ನಾನೇ. ಒಂದು ಟ್ಯೂಬಿನಲ್ಲಿ ಸುಳ್ಳು ತುಂಬಿದವಳು ಉಳಿದದ್ದರಲ್ಲಿ ತುಂಬಿಲ್ಲ ಎಂದು ಯಾರು ನಂಬುತ್ತಾರೆ? ಮೇಡಂ ಅವರ ಐದು ವರ್ಷ ಚರಂಡಿಗೆ.

ಹೇಳದಿದ್ದರೆ? ಎಂಟನೇ ವಾರಕ್ಕೆ ಅವರೇ ಮಾತ್ರೆ ಬದಲಿಸುತ್ತಾರೆ. ಇನ್ನು ಮೂರು ವಾರ. ಮೂರೇ ವಾರ. ಅಷ್ಟರವರೆಗೆ ಅವನು ತಡೆದುಕೊಂಡರೆ ಯಾರಿಗೂ ಏನೂ ಗೊತ್ತಾಗಬೇಕಿಲ್ಲ.

ತಡೆದುಕೊಂಡರೆ. ಎಷ್ಟು ಸಲೀಸಾಗಿ ಬರೆದೆ.

ಏಪ್ರಿಲ್ ೧೫, ಮಂಗಳವಾರ

ಅಡ್ಡದಾರಿ ಹುಡುಕಿದೆ. ತಮ್ಮನ ಹೆಂಡತಿಯನ್ನು ಶಾಲೆಯ ಗೇಟಿನ ಬಳಿ ಹಿಡಿದೆ. "ಅವನನ್ನ ಈ ಸಂಶೋಧನೆಯಿಂದ ಬಿಡಿಸಿಬಿಡು. ಬೇರೆ ಡಾಕ್ಟರ ಹತ್ತಿರ ಹೋಗೋಣ. ಬೇರೆ ಮಾತ್ರೆ ಕೊಡ್ತಾರೆ."

"ನೀವೇ ಸೇರಿಸಿದ್ದು ಅತ್ತಿಗೆ."

"ಹೌದು. ಈಗ ನಾನೇ ಹೇಳ್ತಿದ್ದೀನಿ."

"ರಕ್ತ ನೋಡಿ ಕೊಟ್ಟಿರೋದನ್ನೇ ಬಿಡಿಸಿ ಮತ್ತೆ ಕಣ್ಣು ಮುಚ್ಚಿ ಇನ್ನೊಂದು ನುಂಗಿ ಅಂತ ನಾನು ಹೇಗೆ ಹೇಳಲಿ ಅವರಿಗೆ? ಆ ರಿಪೋರ್ಟು ದಿಂಬಿನ ಕೆಳಗೆ ಇಟ್ಕೊಂಡಿದ್ದಾರೆ. ಅದೊಂದೇ ನಂಬಿಕೊಂಡಿರೋದು." ನನ್ನ ಮುಖ ನೋಡುತ್ತಲೇ ಇದ್ದಳು. "ಏನಾದ್ರೂ ಇದ್ರೆ ಹೇಳಿ ಅತ್ತಿಗೆ."

ಏನಿಲ್ಲ ಅಂದೆ. ಗಂಟೆ ಹೊಡೆಯಿತು, ಒಳಗೆ ಹೋದಳು.

ಏಪ್ರಿಲ್ ೧೭

ಏನಿಲ್ಲ.

ಏಪ್ರಿಲ್ ೨೧, ಸೋಮವಾರ. ಸಂಜೆ ೪

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓದಲು ಬಾರದಿದ್ದರೆ ಬೇಡ.

ಬೆಳಿಗ್ಗೆ ಏಳೂವರೆಗೆ ಫೋನ್. "ಅತ್ತಿಗೆ, ಇವರಿಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ. ಮೊಬೈಲು ಇಲ್ಲೇ ಇದೆ. ಚಪ್ಪಲಿ ಇಲ್ಲ." ಚಪ್ಪಲಿ ಇಲ್ಲ ಎನ್ನುವುದನ್ನು ಮೂರು ಸಲ ಹೇಳಿದಳು. ಚಪ್ಪಲಿ ಹಾಕಿಕೊಂಡು ಹೋದವನು ವಾಪಸ್ಸು ಬರುತ್ತಾನೆ ಎನ್ನುವ ಹಾಗೆ.

ಕುರ್ಚಿಯಲ್ಲಿ ರೋಗಿ ಕೂತಿದ್ದರು. ತೋಳಿಗೆ ಪಟ್ಟಿ ಬಿಗಿದಿದ್ದೆ. ಬಿಚ್ಚಿ ಓಡಿದೆ. ಕನ್ನಡಕದ ಅಂಗಡಿ—ಇಲ್ಲ. ಅವನು ಈಜುತ್ತಿದ್ದ ಕೊಳ—ಬೀಗ. ರೈಲು ನಿಲ್ದಾಣದಲ್ಲಿ ಎರಡೂ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಪೊಲೀಸಿನವರು ಫೋಟೋ ಕೇಳಿದರು. ನನ್ನ ಮೊಬೈಲಿನಲ್ಲಿದ್ದ ಫೋಟೋಗಳಲ್ಲೆಲ್ಲ ಅವನು ನಗುತ್ತಿದ್ದಾನೆ. ಹೀಗೆ ಹುಡುಕಿದರೆ ಸಿಗುವುದಿಲ್ಲ, ಈಗ ಹೀಗಿಲ್ಲ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಎರಡು ಗಂಟೆಗೆ ಸಿಕ್ಕಿದ. ನಾಲ್ಕನೇ ನಂಬರ್ ಬಸ್ಸಿನ ಕೊನೆಯ ಸ್ಟಾಪಿನಲ್ಲಿ. ಕಂಡಕ್ಟರೇ ಪೊಲೀಸರಿಗೆ ತಿಳಿಸಿ, ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡು ಕಾದಿದ್ದ. "ಬೆಳಿಗ್ಗೆಯಿಂದ ನಾಲ್ಕು ಟ್ರಿಪ್ಪು ಬಂದ್ರು ಮೇಡಂ. ಕೊನೇ ಸ್ಟಾಪು ಅಂದ್ರೆ ಹೂಂ ಅಂತಾರೆ, ಇಳಿಯಲ್ಲ. ಟಿಕೆಟ್ ಮಾತ್ರ ಪ್ರತಿ ಸಲ ತಗೊಂಡ್ರು."

"ಎಲ್ಲಿ ಇಳೀಬೇಕು ಅಂತ ಗೊತ್ತಾಗಲಿಲ್ಲ ಅಕ್ಕ" ಅಂದ. ಅಷ್ಟೇ.

ಆಟೋದಲ್ಲಿ ನನ್ನ ಪಕ್ಕ ಕೂತು ಹೊರಗೆ ನೋಡುತ್ತಾ ಕೇಳಿದ: "ನನ್ನ ರಕ್ತಕ್ಕೆ ಹೊಂದೋ ಮಾತ್ರೆನೇ ಕೆಲಸ ಮಾಡಲಿಲ್ಲ ಅಂದ್ರೆ, ನನಗೆ ಮದ್ದೇ ಇಲ್ಲ ಅಂತ ತಾನೆ?"

ಇಷ್ಟು ದಿನ ಏನೇನೋ ತೂಗುತ್ತಿದ್ದೆ. ಕೆಲಸ, ಮರ್ಯಾದೆ, ಮೇಡಂ, ಐದು ವರ್ಷ. ಅವನು ತೂಗುತ್ತಿದ್ದದ್ದು ಇದನ್ನು.

ಏಪ್ರಿಲ್ ೨೨, ಮಂಗಳವಾರ. ಬೆಳಿಗ್ಗೆ ೧೧

ಹೇಳಿದೆ. ಮೊದಲು ಅವನಿಗೇ.

ಮಂಚದ ಅಂಚಿನಲ್ಲಿ ಕೂತು, ಅವನ ಬೆನ್ನಿಗೆ ಹೇಳಿದೆ. ಕೆಂಪಾದ ಸೀರಮ್, ಸ್ಟೋರ್ ರೂಮು, ನನ್ನ ತೋಳು, ನನ್ನ ಹಲ್ಲು. ಒಂಬತ್ತು ಪಾಯಿಂಟ್ ಎರಡು. ಸೊನ್ನೆ ಪಾಯಿಂಟ್ ಏಳು. "ನನ್ನ ನಂಬರಿನ ಕನ್ನಡಕ ನಿನಗೆ ಹಾಕಿಬಿಟ್ಟೆ ಕಣೋ."

ಅವನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಿದ್ದಳು. ಇಷ್ಟು ವರ್ಷದಲ್ಲಿ ನನ್ನೆದುರು ದನಿಯೆತ್ತದವಳು. "ಆರು ವಾರ! ಆರು ವಾರ ಈ ಮನೇಲಿ ನಾನು ಹೇಗೆ ಉಸಿರು ಬಿಗಿಹಿಡ್ಕೊಂಡು ಬದುಕಿದೀನಿ ಗೊತ್ತಾ ನಿಮಗೆ? ಗೇಟಿನ ಹತ್ತಿರ ಕೇಳಿದೆ. ಬಾಯಿಬಿಟ್ಟು ಕೇಳಿದೆ. ಏನಿಲ್ಲ ಅಂದ್ರಿ!" ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವನು ದಿಂಬಿನ ಕೆಳಗಿನಿಂದ ರಿಪೋರ್ಟ್ ತೆಗೆದ. ಮಡಿಕೆಯಲ್ಲಿ ಹರಿದಿತ್ತು. ಓದಿದ.

"ಹಾಗಾದ್ರೆ ಇದರಲ್ಲಿರೋದು ನಾನಲ್ಲ."

"ಅಲ್ಲ."

"ಸೋಲ್ತಾ ಇರೋದು ನನ್ನ ಮಾತ್ರೆ ಅಲ್ಲ."

"ಅಲ್ಲ ಕಣೋ. ನಿನ್ನದನ್ನ ನೀನಿನ್ನೂ ನುಂಗೇ ಇಲ್ಲ."

"ಹೂಂ" ಅಂದ. ಮತ್ತೆ ಮಲಗಿದ. ಆದರೆ ಗೋಡೆಯ ಕಡೆಗಲ್ಲ, ಸೂರಿನ ಕಡೆಗೆ. ಕ್ಷಮಿಸಿದ್ದಾನೋ ಇಲ್ಲವೋ ತಿಳಿಯದು. ಕೇಳುವ ಯೋಗ್ಯತೆಯೂ ನನಗಿಲ್ಲ. "ಹೊರಡಿ ಅತ್ತಿಗೆ" ಅಂದಳು ಅವನ ಹೆಂಡತಿ. ಹೊರಟೆ.

ಏಪ್ರಿಲ್ ೨೩, ಬುಧವಾರ. ಮಧ್ಯಾಹ್ನ ೨

ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, ಕೊನೆಗೆ ಕೇಳಿದ್ದು ಒಂದೇ.

"ಇನ್ನೆಷ್ಟು ಜನರದ್ದು?"

"ಇನ್ಯಾರದ್ದೂ ಇಲ್ಲ ಮೇಡಂ. ಇದೊಂದೇ."

"ಅದನ್ನ ನಾನು ನಂಬಿದ್ರೂ ಪ್ರಯೋಜನ ಇಲ್ಲ. ನಿಮಗೂ ಗೊತ್ತು."

ಗಡಿಯಾರರನ್ನು ಕರೆಸಿದರು. ಅವರು ಪುಸ್ತಕ ತಂದರು. ೬೧ರ ಸಾಲಿನಲ್ಲಿ ರಕ್ತ ತೆಗೆದದ್ದು ೮:೧೦, ತಿರುಗಿಸಿದ್ದು ೮:೪೨. ಆದರೆ ಅಂದು ತಿರುಗಿಸಿದ ಸಮಯವನ್ನು ಅವರಿಲ್ಲದಾಗ ನಾನೇ ಬರೆದಿದ್ದೆ, ೧೧:೪೨. ನಿಜವಾದ ಸಮಯ. ಗಾಬರಿಯಲ್ಲಿ ಕೈ ನಿಜವನ್ನೇ ಬರೆದಿತ್ತು. ಹನ್ನೊಂದನ್ನು ಎಂಟು ಮಾಡಿದವರು ಗಡಿಯಾರ.

"ಮೂರೂವರೆ ಗಂಟೆ ವ್ಯತ್ಯಾಸ ಬಂತು. ಈಕೆ ಹಾಗೆಲ್ಲ ತಡ ಮಾಡೋರಲ್ಲ, ಬರೆಯುವಾಗ ಕಣ್ತಪ್ಪಿರಬೇಕು ಅಂದ್ಕೊಂಡೆ. ನಾನೇ ತಿದ್ದಿದೆ." ಮೂವತ್ತು ವರ್ಷದಲ್ಲಿ ಒಂದು ನಿಮಿಷ ಆಚೀಚೆ ಮಾಡದ ಮನುಷ್ಯ. ನನ್ನ ಮೇಲಿನ ನಂಬಿಕೆಗೆ ಮೂರು ಗಂಟೆ ತಿದ್ದಿದ್ದಾರೆ. ಅಂದು ಹಾಗೇ ಬಿಟ್ಟಿದ್ದರೆ ಇಷ್ಟು ತಡ ಏಕೆಂದು ಕೇಳುತ್ತಿದ್ದರು, ಆ ವಾರವೇ ಸಿಕ್ಕಿಬೀಳುತ್ತಿದ್ದೆ. ತಮ್ಮನಿಗೆ ಆರು ವಾರ ಉಳಿಯುತ್ತಿತ್ತು. ಅವರ ಮುಖ ನೋಡಲಾಗಲಿಲ್ಲ.

ಅಮಾನತು. ಗುರುತಿನ ಚೀಟಿ, ಬೀರುವಿನ ಕೀಲಿ ಕೊಟ್ಟೆ. ಮೇಡಂ ಆಗಲೇ ಫೋನಿನಲ್ಲಿದ್ದರು, ತಮ್ಮನ ಹೆಂಡತಿಯ ಜೊತೆ. ಬಿಳಿ ಡಬ್ಬಿಯದನ್ನು ಎರಡು ವಾರದಲ್ಲಿ ನಿಧಾನವಾಗಿ ಇಳಿಸಬೇಕು, ಆಮೇಲೆ ನೀಲಿ. ಈ ಎರಡು ವಾರ ಅವರನ್ನು ಒಂಟಿಯಾಗಿ ಬಿಡಬಾರದು, ಹೆಚ್ಚುಕಮ್ಮಿ ಕಂಡರೆ ಯಾವ ಹೊತ್ತಿಗಾದರೂ ಕರೆದುಕೊಂಡು ಬನ್ನಿ, ಭರ್ತಿ ಮಾಡಿಕೊಳ್ಳುತ್ತೇನೆ. ಫೋನಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮ ಮೇಲಿನ ಸಿಟ್ಟು ಆಮೇಲೆ. ಮೊದಲು ಅವರು."

ಅದನ್ನು ಕೇಳಿ ಅಲ್ಲೇ ಅತ್ತೆ. ಬಾಗಿಲು ತೆರೆದೇ ಇತ್ತು. ಇಡೀ ಕಾರಿಡಾರ್ ನೋಡಿತು.

ಏಪ್ರಿಲ್ ೨೮, ಸೋಮವಾರ. ಸಂಜೆ ೬

ಬೆಳಿಗ್ಗೆ ಎಂಟರಿಂದ ಐದರವರೆಗೆ ನನ್ನ ಪಾಳಿ. ಅವನ ಹೆಂಡತಿಯೇ ಫೋನ್ ಮಾಡಿ ಹೇಳಿದಳು. ಕ್ಷಮಿಸಿ ಅಲ್ಲ, ರಜೆ ಮುಗಿದಿದೆ, ಬೇರೆ ಯಾರೂ ಇಲ್ಲ. ಬಾಗಿಲಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ. ಮಾತು ಇಷ್ಟೇ: "ತಿಂಡಿ ತಿಂದಿದ್ದಾರೆ." "ಮಧ್ಯಾಹ್ನ ಮಲಗಲಿಲ್ಲ." ಚಾಕು ಕತ್ತರಿಗಳನ್ನೆಲ್ಲ ಎತ್ತಿಟ್ಟು ಕೀಲಿ ನನ್ನ ಕೈಗೆ ಕೊಟ್ಟು ಹೋಗುತ್ತಾಳೆ. ಆಸ್ಪತ್ರೆಯವರು ಕಿತ್ತುಕೊಂಡದ್ದಕ್ಕೆ ಬದಲಿ ಕೀಲಿ.

ಮಾತ್ರೆ ಇಳಿಸುತ್ತಿರುವುದಕ್ಕೋ ಏನೋ ಅವನಿಗೆ ತಲೆಸುತ್ತು, ಬೆವರು, ಸಿಡುಕು. ಇಂದು ನೀರಿನ ಲೋಟ ಗೋಡೆಗೆಸೆದ. ಸ್ಟೀಲಿನದು, ಒಡೆಯಲಿಲ್ಲ. ಉರುಳಿಕೊಂಡು ನನ್ನ ಕಾಲ ಬಳಿ ಬಂತು. "ನೀನು ಯಾಕೆ ಬರ್ತೀಯ ದಿನಾ? ಕಾವಲಿಗಾ? ಪಾಪ ತೊಳ್ಕೊಳ್ಳೋಕಾ?" ಎರಡಕ್ಕೂ ಅಂದೆ. ಮತ್ತೆ ನೀರು ತಂದುಕೊಟ್ಟೆ. ಕುಡಿದ.

ಐದು ದಿನ ಕಳೆಯಿತು. ಇನ್ನು ಒಂಬತ್ತು.

ಏಪ್ರಿಲ್ ೩೦, ಬುಧವಾರ

ಏಳು ಮುಗಿಯಿತು.

ಮನೆಗೆ ಬಂದು ದೀಪ ಹಾಕದೆ ಕೂತಿದ್ದೆ. ಊಟ ಮಾಡಿದೆನೇ ಎಂದು ಯೋಚಿಸಿದೆ. ನಿನ್ನೆಯದೂ ನೆನಪಿಗೆ ಬರಲಿಲ್ಲ. ವಿಚಾರಣೆಗೆ ಬರಲು ಕಾಗದ ಬಂದಿದೆ. ತೆರೆದಿಲ್ಲ. ಹಲ್ಲು ಹೋದ ಜಾಗವನ್ನು ನಾಲಿಗೆ ಹುಡುಕುತ್ತಲೇ ಇರುತ್ತದೆ. ಅವನಿಗೆ ನೀಲಿ ಡಬ್ಬಿ ಸಿಗುವ ತನಕ ಇದ್ದರೆ ಸಾಕು ನಾನು. ಆಮೇಲೆ

ಈ ಸಾಲು ಏಕೆ ಬರೆದೆನೋ. ಇರಲಿ.

ಮೇ ೨, ಶುಕ್ರವಾರ. ಮಧ್ಯಾಹ್ನ ೩:೧೦

ಅವನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅವನು ಎದ್ದು ಕೂತಿದ್ದಾನೆ. ಚೇತರಿಕೆ ಎನ್ನಲಾರೆ. ಕೂತಿದ್ದಾನೆ.

ಸ್ವಲ್ಪ ಹೊತ್ತಿನ ಮುಂಚೆ ನನ್ನ ಕನ್ನಡಕ ಕೇಳಿದ. ಒರೆಸಲು ಅಂದುಕೊಂಡು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದ, ಒರೆಸದೆ ವಾಪಸ್ಸು ಕೊಟ್ಟ.

"ಎಷ್ಟು ದಿನ ಆಯ್ತು ಇದನ್ನ ತೊಳೆದು?"

"ಗೊತ್ತಿಲ್ಲ ಕಣೋ."

"ನಿದ್ದೆ ಮಾಡಿ?"

"ಮಾಡ್ತೀನಿ, ಮಾಡ್ತೀನಿ."

ಮೇಜಿನ ಮೇಲೆ ವಾರದ ಹಾಳೆಗಳ ಕಟ್ಟಿತ್ತು. ಮೇಲಿನದೊಂದು ಎಳೆದುಕೊಂಡ. ಸೋಮವಾರದ್ದನ್ನು ಈಗಲೇ ಏಕೆ ತುಂಬುತ್ತೀಯ ಅಂದೆ. "ನನಗಲ್ಲ" ಅಂದ. ಮೇಲೆ ಹೆಸರಿನ ಜಾಗದಲ್ಲಿ 'ಅಕ್ಕ' ಎಂದು ಬರೆದ. ಅವನ ಕೈಬರಹ ನೋಡಿ ಎಷ್ಟು ಕಾಲವಾಗಿತ್ತು. ಗಾಜು ಅರೆಯುವವನ ಬರಹ, ಗುಂಡಗೆ.

ತಮಾಷೆ ಬೇಡ ಅಂದೆ. ಅವನು ಓದಲು ಶುರು ಮಾಡಿಬಿಟ್ಟ. ಕಳೆದ ಎರಡು ವಾರಗಳಲ್ಲಿ, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಎನಿಸಿದೆಯೇ? ಕೆಲಸವೇ ಇಲ್ಲವಲ್ಲ ಎಂದು ನಕ್ಕೆ. ಅವನು ನಗಲಿಲ್ಲ. 'ಪ್ರತಿದಿನ' ಎನ್ನುವುದಕ್ಕೆ ಗುರುತು ಹಾಕಿದ. ನಿದ್ದೆ? ಪ್ರತಿದಿನ. ಹಸಿವು? ಅದನ್ನು ಕೇಳಲೇ ಇಲ್ಲ, ನನ್ನ ಕುತ್ತಿಗೆಯ ಮೂಳೆ ನೋಡಿ ತಾನೇ ಹಾಕಿಕೊಂಡ. ನಾನು ಕೆಟ್ಟವಳು, ಮನೆಯವರ ಬದುಕು ಹಾಳು ಮಾಡಿದವಳು ಎಂಬ ಭಾವನೆ? "ಅದು ಭಾವನೆ ಅಲ್ಲ ಕಣೋ, ನಿಜಾನೇ" ಅಂದೆ. "ನಾನೂ ಹಾಗೇ ಹೇಳ್ತಿದ್ದೆ" ಅಂದ. ಗುರುತು ಹಾಕಿದ.

ಆರು. ಏಳು. ಎಂಟು. ಅವನ ಅಂಕಗಳೆಲ್ಲ ನನಗೆ ಬಾಯಿಪಾಠ. ನನ್ನದೂ ಅಲ್ಲಿಗೇ ಬಂದು ನಿಲ್ಲುತ್ತಿದೆ. ಇದಕ್ಕೆ ರಕ್ತವೂ ಬೇಕಾಗಲಿಲ್ಲ.

ಒಂಬತ್ತನೆಯದನ್ನು ನಿಧಾನವಾಗಿ ಓದಿದ. ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ಅನಿಸಿದೆಯೇ?

ಪೆನ್ನನ್ನು ಹಾಳೆಯ ಮೇಲೆ ಹಿಡಿದು ನನ್ನನ್ನೇ ನೋಡುತ್ತಿದ್ದಾನೆ. ನಾನು ಇದನ್ನು ಬರೆಯುವ ನೆಪದಲ್ಲಿ ತಲೆ ಎತ್ತಿಲ್ಲ. ಎಷ್ಟು ಹೊತ್ತಾಯಿತೋ. ಅವನು ಕಾಯುತ್ತಿದ್ದಾನೆ. ಎದ್ದು ಕೂರಲು ತ್ರಾಣವಿಲ್ಲದವನು, ಕೂತು ಕಾಯುತ್ತಿದ್ದಾನೆ.

"ಅಕ್ಕ. ಬರೆಯೋದು ನಿಲ್ಲಿಸು. ನನಗೆ ಹೇಳು."

ನಿಲ್ಲಿಸುತ್ತೇನೆ. ಹೇಳುತ್ತೇನೆ. ಹೌದು ಅಂತ